ಹಳೆಯ ಕಾಗದ ಪತ್ರಗಳಲ್ಲಿ ಊರಿನ ಚರಿತ್ರೆ

(ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಜಾತ್ರೆಯ ಸಭೆಯಲ್ಲಿ ಕ್ಷೇತ್ರದ ಮಹಿಮೆ, ಧರ್ಮದ ಮಹತ್ವ ಮುಂತಾದ ವಿಷಯಗಳ ಮೇಲೆ ಮಾತನಾಡುವುದು ವಾಡಿಕೆ. ಈ ದಿನದ ವಿಷಯ ಸ್ವಲ್ಪ ಬೇರೆ. ಹಳೆಯ ಕಾಗದ, ಹಳೆಯ ಫೋಟೋ, ಕಟ್ಟಡದ ಹಳೆಯ ಲೆಕ್ಕ ಇವುಗಳ ಬಗ್ಗೆ ನಾಲ್ಕು ಮಾತು. ಗೆದ್ದಲು ತಿಂದ ಕಾಗದಕ್ಕೂ ದೇವರ ಜಾತ್ರೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಉತ್ತರಕ್ಕಾಗಿ ಮೊದಲು ಒಂದು ನಡೆದ ಸಂಗತಿಯನ್ನು ಕೇಳಬೇಕು.

ಕಾಸರಗೋಡು ತಾಲೂಕಿನ ಒಂದು ಹಳ್ಳಿ. ಊರಿನ ಹೆಸರೂ ಮನೆತನದ ಹೆಸರೂ ಇಲ್ಲಿ ಬೇಡ. ಪ್ಲಾಸ್ಟಿಕ್ ತೊಟ್ಟೆ ಬರುವುದಕ್ಕೆ ಮೊದಲಿನ ಕಾಲ. ಜೀನಸಿನ ಅಂಗಡಿಗಳಲ್ಲಿ ಬೆಲ್ಲ, ಸಕ್ಕರೆ, ಒಣಮೆಣಸು ಎಲ್ಲವನ್ನೂ ಹಳೆಯ ಪೇಪರಿನಲ್ಲಿ ಕಟ್ಟಿ ನೂಲು ಸುತ್ತಿ ಕೊಡುತ್ತಿದ್ದರು. ಅಂಥ ಕಾಗದವನ್ನು ಅಂಗಡಿಯವರು ತೂಕದ ಲೆಕ್ಕದಲ್ಲಿ ಕ್ರಯಕ್ಕೆ ತೆಗೆದುಕೊಳ್ಳುತ್ತಿದ್ದರು. ಆಟಿ ತಿಂಗಳ ಒಂದು ಮಳೆಯ ದಿನ ಒಬ್ಬ ಅಂಗಡಿಯವರು ಬೆಲ್ಲ ಕಟ್ಟುವುದಕ್ಕೆಂದು ಒಂದು ಕಟ್ಟಿನಿಂದ ಹಾಳೆ ಎಳೆದರು. ಹಾಳೆ ದಪ್ಪವಾಗಿತ್ತು, ಬಣ್ಣ ಕಂದಿತ್ತು. ಕೈಬರಹ ಹಳೆಯ ಕಾಲದ ಮೋಡಿಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಂತೆ ಇತ್ತು. ಅದರಲ್ಲಿ ‘ಶ್ರೀ ದೇವರ ಗೊನೆ ಮುಹೂರ್ತ’ ಎಂಬ ನಾಲ್ಕು ಶಬ್ದ ಮಾತ್ರ ಅವರಿಗೆ ಓದಲು ಸಿಕ್ಕಿತು. ಅವರು ಕೈ ತಡೆದರು. ಗಿರಾಕಿಗೆ ಬೇರೆ ಪೇಪರಿನಲ್ಲಿ ಬೆಲ್ಲ ಕಟ್ಟಿಕೊಟ್ಟು ಆ ಕಟ್ಟನ್ನು ಮೇಜಿನ ಒಳಗೆ ಇಟ್ಟರು.

ಊರಿನ ಒಂದು ಹಳೆಯ ಮನೆ ಪಾಲಾಗಿ, ಅಟ್ಟ ಖಾಲಿ ಮಾಡುವಾಗ ಹೊರಬಂದ ಕಟ್ಟು ಅದು. ಹಿಂದೊಮ್ಮೆ ಆ ಮನೆಯ ಹಿರಿಯರು ದೇವಸ್ಥಾನದ ಮೊಕ್ತೇಸರರಾಗಿದ್ದರು. ಲೆಕ್ಕದ ಹಾಳೆಗಳಿಗೆ ಮೂಲೆಯಲ್ಲಿ ಅಂಕೆ ಹಾಕಿತ್ತು. ಉಳಿದದ್ದು ಹನ್ನೆರಡನೆಯ ಹಾಳೆಯಿಂದ ಮುಂದೆ. ಮೊದಲಿನ ಹನ್ನೊಂದು ಹಾಳೆಗಳು ಅಷ್ಟರಲ್ಲಿ ಪೊಟ್ಟಣಗಳಾಗಿ ಊರಿಡೀ ಹೋಗಿ, ಒಲೆಯಲ್ಲಿ ಬೂದಿಯಾಗಿದ್ದವು. ಅವುಗಳಲ್ಲಿ ಏನಿತ್ತು ಎಂದು ತಿಳಿಯುವ ಉಪಾಯ ಇನ್ನಿಲ್ಲ.

ಉಳಿದ ಕಟ್ಟಿನಲ್ಲಿ ಮೂರು ಬಗೆಯ ವಸ್ತುಗಳಿದ್ದವು. ಒಂದು, ದೇವಸ್ಥಾನದ ಸುತ್ತುಪೌಳಿಗೆ ಮುಳಿಹುಲ್ಲು ತೆಗೆದು ಓಡು ಹಾಕಿಸಿದ ಲೆಕ್ಕ. ಎರಡು, ಅದೇ ಕೆಲಸದ ಬಗ್ಗೆ ಮೊಕ್ತೇಸರರು ಬರೆದ ಒಂದು ಕಾಗದದ ಪ್ರತಿ. ಮೂರು, ಲಕೋಟೆಯೊಳಗೆ ಒಂದು ಫೋಟೋ. ಈ ಮೂರರ ಕತೆಯೇ ಈ ದಿನದ ಮಾತಿನ ತಿರುಳು.

ಕಾಗದದ ತಲೆಯಲ್ಲಿ ‘ಪ್ಲವಂಗ ಸಂವತ್ಸರದ ಮಾರ್ಗಶಿರ ಶುದ್ಧ’ ಎಂದಿತ್ತು. ಇಸವಿ ಇಲ್ಲ. ಸಂವತ್ಸರದ ಹೆಸರು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಎಂಬುದು ತಮಗೆಲ್ಲ ಗೊತ್ತಿದೆ. ಪ್ಲವಂಗ ಬಂದದ್ದು 1847ರಲ್ಲಿ, 1907ರಲ್ಲಿ, ಮತ್ತೆ 1967ರಲ್ಲಿ. ಇವುಗಳಲ್ಲಿ ಯಾವುದು? ನಿವೃತ್ತ ಮಾಸ್ತರರೊಬ್ಬರು ಕೂತು ಓದಿದರು. ಓಡುಗಳು ಮಂಗಳೂರಿನಿಂದ ರೈಲಿನಲ್ಲಿ ಬಂದವು ಎಂದು ಕಾಗದದಲ್ಲಿದೆ. ಮಂಗಳೂರಿನ ತನಕ ರೈಲು ಹಾದಿ ಪೂರ್ತಿಯಾದದ್ದು 1907ರಲ್ಲಿ. ಆದುದರಿಂದ 1847 ಅಲ್ಲ. ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿದೆ. 1957ರ ಎಪ್ರಿಲ್ ಒಂದರಿಂದ ನಯಾಪೈಸೆ ಬಂತು. ಆದುದರಿಂದ 1967 ಅಲ್ಲ. ಉಳಿದದ್ದು 1907ರ ಡಿಸೆಂಬರ್. ಆಗ ರೈಲು ಬಂದು ಕೆಲವು ತಿಂಗಳು ಮಾತ್ರ ಆಗಿತ್ತು. ರೈಲು ಬಂತು, ಓಡು ಬಂತು, ದೇವರ ಮಾಡು ಬದಲಾಯಿತು.

ಇನ್ನು ಕಟ್ಟಡದ ಲೆಕ್ಕ. ಕೆಂಪುಕಲ್ಲು, ಸುಣ್ಣ, ಪಕ್ಕಾಸು, ರೀಪು, ಆಚಾರಿಗಳ ಮಜೂರಿ, ಕೂಲಿ ಹೆಂಗಸರಿಗೆ ಕೊಟ್ಟ ಅಕ್ಕಿ, ಒಂದೊಂದಕ್ಕೂ ಒಂದೊಂದು ಸಾಲು. ನಿಲ್ದಾಣದಿಂದ ಎತ್ತಿನ ಗಾಡಿಯಲ್ಲಿ ಓಡು ಸಾಗಿಸಿದ ಬ್ಯಾರಿ ಗಾಡಿಯವರು ಕೊನೆಯ ಗಾಡಿಗಳ ಬಾಡಿಗೆಯನ್ನು ದೇವರಿಗೆಂದು ಬಿಟ್ಟಿದ್ದರು. ಆ ಸಾಲಿನ ಮುಂದೆ ‘ಬಾಡಿಗೆ ಇಲ್ಲ’ ಎಂದು ಬರೆದಿತ್ತು. ಇನ್ನೊಂದು ಸಾಲು: ಮಾಡಿನ ದೊಡ್ಡ ತೊಲೆಗೆ ಇಂಥವರ ಅಂಗಳದ ಹಲಸಿನ ಮರ, ಕ್ರಯ ಇಲ್ಲ.

ಮೊಕ್ತೇಸರರ ಕಾಗದದಲ್ಲಿ ಅದಕ್ಕೆ ವಿವರಣೆ ಸಿಕ್ಕಿತು. ಫಲ ಬಿಡುವ ಹಲಸಿನ ಮರವನ್ನು ಕಡಿದು ಕೊಟ್ಟದ್ದರಿಂದ, ಜಾತ್ರೆಯ ಗೊನೆ ಮುಹೂರ್ತದ ಮೊದಲ ಬಾಳೆಗೊನೆಯನ್ನು ಇನ್ನು ಮುಂದೆ ಆ ಮನೆಯಿಂದಲೇ ತರುವುದು, ತೋಟ ಹೆಚ್ಚಾದರೂ ಕಡಿಮೆಯಾದರೂ ಆ ಮರ್ಯಾದೆ ಮನೆಗೇ ಸೇರಿದ್ದು ಎಂದು ಊರ ಹತ್ತು ಮಂದಿ ಸೇರಿ ಒಪ್ಪಿದ್ದಾರೆ ಎಂಬುದು ಅದರ ಸಾರಾಂಶ.

ಆದರೆ ಜನರ ನೆನಪಿನಲ್ಲಿ ಇದ್ದದ್ದು ಬೇರೆ. ಗೊನೆ ಕಡಿಯುತ್ತಿದ್ದದ್ದು ಊರಿನ ಬೇರೊಂದು ದೊಡ್ಡ ತೋಟದಿಂದ. ಅವರೂ ಭಕ್ತಿಯಿಂದಲೇ ಕೊಡುತ್ತಿದ್ದರು. ಹಲಸು ಕೊಟ್ಟ ಮನೆಯ ತೋಟ ಸಾಲದಲ್ಲಿ ಹೋಗಿತ್ತು. ಗಂಡಸರು ಕೆಲಸ ಹುಡುಕಿಕೊಂಡು ಘಟ್ಟ ಹತ್ತಿದರು. ಆ ಮನೆತನದಲ್ಲಿ ಊರಿನಲ್ಲಿ ಉಳಿದವರು ಮಾರ್ಗದ ಬದಿಯ ಕೆಲವು ಸೆಂಟ್ಸ್ ಜಾಗದಲ್ಲಿ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದ ಒಬ್ಬ ಅಜ್ಜಿ ಮಾತ್ರ. ಜಾತ್ರೆಯ ದಿನ ಆಕೆ ಬಂದು ಕೈಮುಗಿದು ಕಂಬದ ಹತ್ತಿರ ಕೂತು ಹೋಗುತ್ತಿದ್ದರು. ಅವರ ಮಾವನ ಅಂಗಳದ ಮರ ಅವರ ತಲೆಯ ಮೇಲೆಯೇ ತೊಲೆಯಾಗಿ ನಿಂತಿದೆ ಎಂದು ಅವರಿಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ.

ಗುಜರಿಯಲ್ಲಿ ಸಿಕ್ಕಿದ ಒಂದು ಕಾಗದವನ್ನು ನಂಬಿ ವಾಡಿಕೆ ಬದಲಿಸುವುದು ಹೇಗೆ ಎಂದು ಕೆಲವರು ಕೇಳಿದರು. ಕೇಳಿದ್ದು ಸರಿ. ಒಂದು ಸಾಕ್ಷಿ ಸಾಲದು. ಆಗ ಫೋಟೋ ಹೊರಗೆ ಬಂತು. ಪೌಳಿಯ ಎದುರು ನಿಂತ ಹತ್ತಿಪ್ಪತ್ತು ಜನ. ಮಾಡಿಗೆ ಓಡು ಇದೆ, ಆದುದರಿಂದ ಅದು 1907ರ ನಂತರದ್ದು. ಒಬ್ಬರ ತಲೆಯಲ್ಲಿ ಗಾಂಧಿ ಟೊಪ್ಪಿ ಇದೆ, ಆದುದರಿಂದ 1920ಕ್ಕಿಂತ ಹಿಂದಿನದ್ದಾಗಿರಲಾರದು. ಎದುರು ಸಾಲಿನಲ್ಲಿ ಕುರ್ಚಿಯಲ್ಲಿ ಕೂತವರು ಯಾರೆಂದು ಎಲ್ಲರೂ ಹೇಳಿದರು. ಬದಿಯಲ್ಲಿ ಹೆಗಲ ಮೇಲೆ ಬಾಳೆಗೊನೆ ಹೊತ್ತು ನಿಂತವರು ಯಾರೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಫೋಟೋವನ್ನು ಅಜ್ಜಿಯ ಕೈಗೆ ಕೊಟ್ಟರು. ಆಕೆ ಬೆಳಕಿಗೆ ಹಿಡಿದು ನೋಡಿ, ‘ಇದು ನನ್ನ ಮಾವ, ಎಡದ ಕಿವಿ ಹರಿದಿದೆ ನೋಡಿ’ ಎಂದರು.

ಕಾಗದ ಹೇಳಿದ್ದನ್ನು ಲೆಕ್ಕ ಹೇಳಿತು, ಲೆಕ್ಕ ಹೇಳಿದ್ದನ್ನು ಫೋಟೋ ತೋರಿಸಿತು, ಫೋಟೋದಲ್ಲಿದ್ದವರನ್ನು ಬದುಕಿದ್ದವರೊಬ್ಬರು ಗುರುತಿಸಿದರು. ಊರಿನ ಚರಿತ್ರೆ ತಿಳಿಯುವ ದಾರಿ ಇದುವೇ. ಇದಕ್ಕೆ ದೊಡ್ಡ ಡಿಗ್ರಿ ಬೇಡ. ತಾಳ್ಮೆ ಬೇಕು, ಒಂದಕ್ಕೊಂದು ತಾಳೆ ನೋಡುವ ಅಭ್ಯಾಸ ಬೇಕು. ಅಂಗಡಿಯಲ್ಲಿ ದಿನದ ರೋಕಡವನ್ನೂ ಖಾತೆಯನ್ನೂ ತಾಳೆ ನೋಡದೆ ಬಾಗಿಲು ಹಾಕುವುದಿಲ್ಲವಷ್ಟೆ? ಇದೂ ಹಾಗೆಯೇ.

ಈ ದಾರಿ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಸೀಮೆ ಕಂಪೆನಿ ಸರಕಾರಕ್ಕೆ ಬಂತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಅವರಿಗೆ ಇಲ್ಲಿಯ ಭೂಮಿಯ ಕ್ರಮ ತಿಳಿದಿರಲಿಲ್ಲ. ಅವರು ಶಾನುಭೋಗರ ಮನೆಗಳಲ್ಲಿದ್ದ ಹಳೆಯ ಕಡತಗಳನ್ನು ತರಿಸಿ ಓದಿಸಿದರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆದ ಕಪ್ಪು ಪುಸ್ತಕಗಳೇ ಕಡತಗಳು. ಈಗ ಆಫೀಸಿನ ಫೈಲಿಗೆ ಕಡತ ಎನ್ನುತ್ತೇವೆ, ಆ ಶಬ್ದ ಬಂದದ್ದು ಅಲ್ಲಿಂದ. ಆ ಕಡತಗಳ ಆಧಾರದಿಂದ ಮನ್ರೋ ಅವರು ಇಲ್ಲಿಯ ತೀರ್ವೆಯ ಚರಿತ್ರೆಯನ್ನು ವಿಜಯನಗರದ ಕಾಲದ ತನಕ ಹಿಂದಕ್ಕೆ ಹಿಡಿದು 1800ರಲ್ಲಿ ಮದ್ರಾಸಿನ ರೆವೆನ್ಯೂ ಬೋರ್ಡಿಗೆ ಬರೆದರು. ಮರುವರ್ಷ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದು ಚಂದ್ರಗಿರಿ, ಕುಂಬಳೆ, ಮಂಜೇಶ್ವರಗಳಲ್ಲಿ ಕಂಡದ್ದನ್ನು ಬರೆದಿಟ್ಟರು. ಅದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೊರಗಿನಿಂದ ಬಂದವರು ಈ ಊರಿನ ಮನೆಗಳ ಅಟ್ಟದಲ್ಲಿದ್ದ ಕಡತಕ್ಕೆ ಕೊಟ್ಟ ಬೆಲೆಯನ್ನು ಆ ಮನೆಗಳಲ್ಲಿ ಹುಟ್ಟಿದವರು ಕೊಡದಿದ್ದರೆ ಹೇಗೆ?

ಕಾಸರಗೋಡಿನವರಿಗೆ ಇದರಲ್ಲಿ ಒಂದು ವಿಶೇಷ ಕಷ್ಟವೂ ಇದೆ. ಕಂಪೆನಿ ಸರಕಾರದ ಕಾಲದ ಕಾಗದಗಳಲ್ಲಿ ಕಾಸರಗೋಡು ತಾಲೂಕು ಎಂದು ಹುಡುಕಿದರೆ ಸಿಗುವುದಿಲ್ಲ, ಬೇಕಲ ತಾಲೂಕು ಎಂದು ಹುಡುಕಬೇಕು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋದ ಮೇಲೆ ನಮ್ಮದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ ಒಂದಕ್ಕೆ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಮಾತ್ರ ಕೇರಳಕ್ಕೆ ಬಂತು. ಮುಂದೆ ಕಣ್ಣೂರು ಜಿಲ್ಲೆಯಲ್ಲಿದ್ದು, 1984ರ ಮೇ 24ರಂದು ಬೇರೆ ಜಿಲ್ಲೆಯಾಯಿತು. ಇದರ ಪರಿಣಾಮವಾಗಿ ಒಂದೇ ಗದ್ದೆಯ ಚರಿತ್ರೆಯನ್ನು ತಿಳಿಯಬೇಕಾದರೆ ಮದ್ರಾಸಿನ ಎಗ್ಮೋರಿನಲ್ಲಿರುವ ದಾಖಲೆ ಭಂಡಾರ, ಮಂಗಳೂರು, ಕಣ್ಣೂರು, ಕೊನೆಗೆ ವಿದ್ಯಾನಗರದ ಕಲೆಕ್ಟರೇಟು, ಇಷ್ಟು ಕಡೆಗೆ ನಡೆಯಬೇಕಾಗಬಹುದು. ಊರು ಕದಲಲಿಲ್ಲ, ಕಾಗದ ಮಾತ್ರ ಊರೂರು ಅಲೆಯಿತು.

ಭಾಷೆಯ ವಿಷಯವೂ ಹಾಗೆಯೇ. ಇದು ಸಪ್ತಭಾಷೆಗಳ ನಾಡು. ಮನೆಯಲ್ಲಿ ತುಳುವೋ ಕೊಂಕಣಿಯೋ ಮಲಯಾಳವೋ ಮರಾಠಿಯೋ ಆಡಿದವರು ಕೂಡ ಆ ಕಾಲದಲ್ಲಿ ಲೆಕ್ಕ ಬರೆದದ್ದು, ಅರ್ಜಿ ಬರೆದದ್ದು, ಮಗಳ ಮದುವೆಯ ಸುದ್ದಿ ಬರೆದದ್ದು ಹೆಚ್ಚಾಗಿ ಕನ್ನಡದಲ್ಲಿ. ಶಾಲೆಯಲ್ಲಿ ಕನ್ನಡ ಕಲಿಯದ ಮೊಮ್ಮಗನಿಗೆ ಅಜ್ಜನ ಕಾಗದ ಓದಲು ಬರುವುದಿಲ್ಲ. ಓದಲು ಬಾರದ ಕಾಗದ ಅವನ ಕಣ್ಣಿಗೆ ಕಸ. ಕಸವಾದರೆ ಬಚ್ಚಲ ಒಲೆಗೆ. ಗಡಿನಾಡಿನಲ್ಲಿ ಕನ್ನಡ ಇತ್ತು, ಇದೆ ಎಂದು ವೇದಿಕೆಯಲ್ಲಿ ಎಷ್ಟು ಹೇಳಿದರೂ, ಮನೆಯ ಪೆಟ್ಟಿಗೆಯಲ್ಲಿರುವ ಒಂದು ಮೂಲಗೇಣಿ ಚೀಟು, ಒಂದು ಕಾಲಾಣೆಯ ಕಾರ್ಡು ಅದಕ್ಕಿಂತ ಬಲವಾದ ಸಾಕ್ಷಿ. ಕಾಲಾಣೆಯ ಕಾರ್ಡು ನಮ್ಮ ದೇಶದಲ್ಲಿ ಬಂದದ್ದು 1879ರಲ್ಲಿ. ಅಂಥ ಕಾರ್ಡಿನಲ್ಲಿ ಬೇಸಾಯ, ಮಳೆ, ಅಡಿಕೆಯ ಧಾರಣೆ, ಕಾಯಿಲೆ, ಯಕ್ಷಗಾನದ ಮೇಳ ಬಂದ ಸುದ್ದಿ ಎಲ್ಲ ಸಿಗುತ್ತದೆ. ರಾಜರ ಚರಿತ್ರೆ ಶಾಸನದಲ್ಲಿರಬಹುದು, ಕೃಷಿಕನ ಚರಿತ್ರೆ ಇರುವುದು ಈ ಕಾರ್ಡಿನಲ್ಲಿ.

ಈ ನಾಡಿನಲ್ಲಿ ಈ ಕೆಲಸ ಮಾಡಿ ದಾರಿ ತೋರಿಸಿದ ಹಿರಿಯರಿದ್ದಾರೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಕವಿಗಳು ಮಾತ್ರವಲ್ಲ, ಶಾಸನಗಳನ್ನೂ ತಿಥಿ ವಾರಗಳನ್ನೂ ಲೆಕ್ಕ ಹಾಕಿ ಕಾಲ ನಿರ್ಣಯ ಮಾಡಿದ ಸಂಶೋಧಕರು. 1963ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪುಸ್ತಕ ಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಸೇರಿ ಉಳಿಯಿತು. ಡಾ. ಪಿ. ಗುರುರಾಜ ಭಟ್ಟರು ತುಳುನಾಡಿನ ದೇವಸ್ಥಾನಗಳನ್ನು ಒಂದೊಂದಾಗಿ ಸುತ್ತಿ, ವಿಗ್ರಹಗಳ, ಶಿಲ್ಪಗಳ ಫೋಟೋ ತೆಗೆದು 1975ರಲ್ಲಿ ದೊಡ್ಡ ಗ್ರಂಥವನ್ನು ಹೊರತಂದರು. ಜೀರ್ಣೋದ್ಧಾರದಲ್ಲಿ ರೂಪ ಬದಲಾದ ಗುಡಿಗಳು ಹಿಂದೆ ಹೇಗಿದ್ದವು ಎಂದು ತಿಳಿಯಲು ಅಂಥ ಫೋಟೋಗಳೇ ಗತಿ. ಕಾಸರಗೋಡಿನವರೇ ಆದ ವೆಂಕಟರಾಜ ಪುಣಿಂಚತ್ತಾಯರು ಶಾಲಾ ಮಾಸ್ತರರಾಗಿದ್ದುಕೊಂಡೇ ತುಳು ಲಿಪಿಯ ತಾಳೆಗರಿಗಳನ್ನು ಓದಿ, ತುಳುವಿನಲ್ಲಿ ಹಳೆಯ ಕಾವ್ಯವೇ ಇಲ್ಲ ಎನ್ನುತ್ತಿದ್ದವರ ಎದುರು ಕಾವ್ಯಗಳನ್ನು ಇಟ್ಟರು. ಆ ಗರಿಗಳೂ ಯಾವುದೋ ಮನೆಯ ಅಟ್ಟದಲ್ಲಿ ಹೊಗೆ ಹಿಡಿಯುತ್ತಿದ್ದವುಗಳೇ ಅಲ್ಲವೇ?

ಕಾಗದದ ಬಲ ಎಷ್ಟೆಂದು ತಿಳಿಯಲು ಎಡನೀರಿಗಿಂತ ದೊಡ್ಡ ಉದಾಹರಣೆ ಬೇಡ. ಕೇರಳದ ಭೂಸುಧಾರಣೆಯ ಕಾನೂನಿನಿಂದ ಮಠದ ಭೂಮಿಗೆ ತೊಂದರೆ ಬಂದಾಗ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ಮಂದಿ ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಎಪ್ರಿಲ್ 24ರಂದು ತೀರ್ಪು ಬಂತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಎಂಬ ಆ ತೀರ್ಪನ್ನು ಇಡೀ ದೇಶ ಇಂದಿಗೂ ಆಧಾರವಾಗಿ ಹಿಡಿಯುತ್ತದೆ. ಅದರ ಆರಂಭ ಕಾಸರಗೋಡಿನ ಒಂದು ಮಠದ ಜಮೀನಿನ ಪ್ರಶ್ನೆಯಲ್ಲಿ. 1970ರ ಜನವರಿ ಒಂದರ ನಂತರ ಗೇಣಿ ಪದ್ಧತಿ ಹೋಗಿ, ಅನೇಕ ದೇವಸ್ಥಾನಗಳ ಗದ್ದೆ ತೋಟಗಳು ಒಕ್ಕಲುಗಳ ಹೆಸರಿಗೆ ಆದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಗೇಣಿಯ ಅಕ್ಕಿ ಮುಡಿ ನಿಂತ ಮೇಲೆ ಯಾವ ಸೇವೆ ಯಾವ ಗದ್ದೆಯಿಂದ ನಡೆಯುತ್ತಿತ್ತು ಎಂಬ ನೆನಪೂ ನಿಂತುಹೋಯಿತು. ಅದನ್ನು ಈಗ ಹೇಳಬಲ್ಲದ್ದು ಹಳೆಯ ಗೇಣಿ ಲೆಕ್ಕ, ಸರಕಾರ ಕೊಡುತ್ತಿದ್ದ ತಸ್ತೀಕಿನ ಪಟ್ಟಿ, ರಿಜಿಸ್ಟ್ರಿ ಆಫೀಸಿನ ನಕಲು ಇವು ಮಾತ್ರ.

ಕಟ್ಟಡವೂ ಒಂದು ದಾಖಲೆಯೇ. ಮಧೂರಿನ ಮೂರಂತಸ್ತಿನ ಗಜಪೃಷ್ಠ ಗುಡಿಯನ್ನು ನೋಡಿದವರಿಗೆ ಇದು ಹೇಳಬೇಕಾಗಿಲ್ಲ. ಮರ, ಕಲ್ಲು, ಓಡು ಎಲ್ಲವೂ ಮಾತಾಡುತ್ತವೆ. ಆದರೆ ಅವುಗಳ ಮಾತನ್ನು ಸರಿಯಾಗಿ ಕೇಳಬೇಕು. ಮೊದಲು ಹೇಳಿದ ಊರಿನಲ್ಲಿ ಪೌಳಿಯ ಓಡು ಇಳಿಸುವಾಗ ಒಂದರ ಬೆನ್ನಿನಲ್ಲಿ ಬಾಸೆಲ್ ಮಿಶನ್ನಿನ ಹೆಸರೂ 1865 ಎಂಬ ಅಂಕೆಯೂ ಕಂಡಿತು. ಮಾಡು 1865ರದ್ದು ಎಂದು ಹುಡುಗರು ಕೂಗಿದರು. ಅದು ತಪ್ಪು. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ ವರ್ಷ 1865. ಆ ಅಂಕೆಯನ್ನು ಮುಂದೆ ಎಷ್ಟೋ ವರ್ಷ ಓಡಿನ ಮೇಲೆ ಒತ್ತುತ್ತಿದ್ದರು. ಅಂಗಡಿಯ ಬೋರ್ಡಿನಲ್ಲಿ ಸ್ಥಾಪನೆ ಇಂಥ ವರ್ಷ ಎಂದು ಬರೆದ ಮಾತ್ರಕ್ಕೆ ಒಳಗಿರುವ ಬೆಲ್ಲ ಆ ವರ್ಷದ್ದೇ? ಹಾಗೆಯೇ ಇದು. ಮೊದಲ ಮಹಾಯುದ್ಧದಲ್ಲಿ ಸರಕಾರ ಮಿಶನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದುದರಿಂದ ಓಡಿನಲ್ಲಿ ಕಾಮನ್‌ವೆಲ್ತ್ ಎಂದಿದ್ದರೆ ಅದು ಯುದ್ಧದ ನಂತರದ್ದು. ಆ ಮಿಶನ್ನಿನವರ ಕಾಗದ, ಫೋಟೋ, ಕಟ್ಟಡದ ನಕ್ಷೆಗಳನ್ನು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ಓಡು ಮಾಡಿದವರ ಕಾಗದ ಏಳು ಸಮುದ್ರದ ಆಚೆ ಭದ್ರವಾಗಿದೆ, ಓಡು ಹಾಕಿಸಿದವರ ಕಾಗದ ಬೆಲ್ಲದ ಪೊಟ್ಟಣವಾಯಿತು.

ಕೆಲವರಿಗೆ ಒಂದು ಭಯ ಇದೆ. ದಾಖಲೆ ಹುಡುಕಿದರೆ ಕ್ಷೇತ್ರದ ಪ್ರಾಚೀನತೆ ಕಡಿಮೆಯಾದೀತು, ಸಾವಿರ ವರ್ಷ ಎಂದು ಅಚ್ಚು ಹಾಕಿಸಿದ್ದು ಸುಳ್ಳಾದೀತು ಎಂಬ ಭಯ. ಗುಡಿಯ ವಯಸ್ಸು ಬೇರೆ, ಸಾನ್ನಿಧ್ಯದ ಮಹಿಮೆ ಬೇರೆ. ಮಾಡಿಗೆ ಓಡು ಹಾಕಿದ್ದು 1907ರಲ್ಲಿ ಎಂದು ತಿಳಿದರೆ ದೇವರು ಸಣ್ಣವರಾಗುವುದಿಲ್ಲ. ಸ್ಥಳಪುರಾಣವನ್ನು ಪುರಾಣವೆಂದು ಹೇಳೋಣ, ದಾಖಲೆಯನ್ನು ದಾಖಲೆಯೆಂದು ಹೇಳೋಣ, ಎರಡನ್ನೂ ಬೆರೆಸುವುದು ಬೇಡ. ಅಷ್ಟಮಂಗಲ ಪ್ರಶ್ನೆಯಲ್ಲಿ ಕಂಡುಬಂದದ್ದನ್ನು ಶ್ರದ್ಧೆಯಿಂದ ನಡೆಸುವ ಊರವರು, ಪೆಟ್ಟಿಗೆಯಲ್ಲಿ ಕಂಡುಬಂದದ್ದನ್ನೂ ಅಷ್ಟೇ ಶ್ರದ್ಧೆಯಿಂದ ಓದಿದರೆ ಸಾಕು.

ಇನ್ನು ಮಾಡಬೇಕಾದ ಕೆಲಸ. ಅದು ಕಷ್ಟದ್ದಲ್ಲ.

ಮೊದಲನೆಯದಾಗಿ, ಜೀರ್ಣೋದ್ಧಾರಕ್ಕೆ ಕೈ ಹಾಕುವ ಮೊದಲು ಇದ್ದ ಗುಡಿಯ, ಪೌಳಿಯ, ಅಗ್ರಸಾಲೆಯ ಫೋಟೋವನ್ನು ನಾಲ್ಕೂ ಬದಿಯಿಂದ ತೆಗೆದು, ಅಳತೆಯನ್ನು ಬರೆದು ಇಡಬೇಕು. ಮರದಲ್ಲಿ, ಕಲ್ಲಿನಲ್ಲಿ, ಗಂಟೆಯಲ್ಲಿ, ದೀಪದಲ್ಲಿ ಅಕ್ಷರ ಇದ್ದರೆ ಪಾಲಿಶ್ ಮಾಡುವ ಮೊದಲು ಅದನ್ನು ನಕಲು ಮಾಡಬೇಕು.

ಎರಡನೆಯದಾಗಿ, ಪ್ರತಿಯೊಂದು ಮನೆಯವರು ಅಟ್ಟ ಖಾಲಿ ಮಾಡುವ ಮೊದಲು ಹಳೆಯ ಕಾಗದವನ್ನು ಓದಬಲ್ಲವರಿಗೆ ತೋರಿಸಬೇಕು. ಮೂಲಪ್ರತಿಯನ್ನು ಯಾರಿಗೂ ಕೊಡಬೇಕಾಗಿಲ್ಲ, ಅದು ಮನೆಯ ಸೊತ್ತು. ಈಗ ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಇದೆ, ಹಗಲು ಬೆಳಕಿನಲ್ಲಿ ಒಂದೊಂದು ಹಾಳೆಯ ಫೋಟೋ ತೆಗೆದರೆ ನಕಲು ಸಿದ್ಧವಾಯಿತು. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ದೇವಸ್ಥಾನದಲ್ಲಿ, ಒಂದು ಪ್ರತಿ ಊರಿನ ಶಾಲೆಯಲ್ಲಿ ಇರಲಿ.

ಮೂರನೆಯದಾಗಿ, ಫೋಟೋಗಳ ಹಿಂದೆ ಹೆಸರು ಬರೆಯಬೇಕು. ಪೆನ್ನಿನಿಂದ ಬೇಡ, ಮೆದು ಪೆನ್ಸಿಲಿನಿಂದ ಮೆಲ್ಲಗೆ ಬರೆಯಬೇಕು. ಕುರ್ಚಿಯಲ್ಲಿ ಕೂತವರ ಹೆಸರನ್ನು ಎಲ್ಲರೂ ಬರೆಯುತ್ತಾರೆ. ಬದಿಯಲ್ಲಿ ನಿಂತವರ, ಹಿಂದೆ ಇಣುಕಿದವರ, ಚೆಂಡೆ ಹಿಡಿದವರ, ಅಡಿಗೆ ಮಾಡಿದವರ ಹೆಸರನ್ನು ಕೇಳಿ ಬರೆಯಬೇಕು. ಗುರುತಿಸಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ನಾಲ್ಕನೆಯದಾಗಿ, ಹರಿದ ಕಾಗದಕ್ಕೆ ಸೆಲೋಟೇಪು ಅಂಟಿಸಬಾರದು, ಲ್ಯಾಮಿನೇಶನ್ ಮಾಡಿಸಬಾರದು. ಮಳೆಗಾಲದ ತೇವ ತಾಗದಂತೆ, ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟು, ವರ್ಷಕ್ಕೊಮ್ಮೆ ಬಿಚ್ಚಿ ಗಾಳಿಗೆ ಹಿಡಿಯಬೇಕು. ನವರಾತ್ರಿಯ ಪುಸ್ತಕ ಪೂಜೆಯ ದಿನ ಅದಕ್ಕೆ ಒಳ್ಳೆಯದು. ಆ ದಿನ ಗ್ರಂಥಗಳ ಜೊತೆ ಈ ಕಾಗದಗಳನ್ನೂ ಇಟ್ಟು ಪೂಜಿಸಿದರೆ ಮಕ್ಕಳಿಗೆ ಇವು ಕಸವಲ್ಲ ಎಂದು ಗೊತ್ತಾಗುತ್ತದೆ.

ಐದನೆಯದಾಗಿ, ಹಳೆಯ ತಾರೀಕು ಓದುವ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಡಬೇಕು. ಶಕವರ್ಷಕ್ಕೆ 78 ಸೇರಿಸಿದರೆ ಇಸವಿ ಬರುತ್ತದೆ. ತೀರ್ವೆಯ ರಶೀದಿಯಲ್ಲಿರುವ ಫಸಲಿಗೆ 590 ಸೇರಿಸಿದರೆ ಆ ವರ್ಷದ ಜುಲೈಯಲ್ಲಿ ಆರಂಭವಾದ ಲೆಕ್ಕದ ವರ್ಷ. ಕೊಲ್ಲವರ್ಷಕ್ಕೆ 825, ವರ್ಷದ ಮೊದಲ ತಿಂಗಳುಗಳಾದರೆ 824. ಸಂವತ್ಸರದ ಹೆಸರು ಮಾತ್ರ ಇದ್ದರೆ ರೈಲು, ಆಣೆ, ಓಡು ಇಂಥ ಬೇರೆ ಗುರುತು ಹುಡುಕಬೇಕು.

ಕೊನೆಯದಾಗಿ, ಈಗಿನ ಲೆಕ್ಕವನ್ನೂ ಸರಿಯಾಗಿ ಬರೆದಿಡಬೇಕು. ಇಂದಿನ ಹೊರೆಕಾಣಿಕೆಯ ಪಟ್ಟಿ, ಶ್ರಮದಾನಕ್ಕೆ ಬಂದವರ ಹಾಜರಿ, ಸಭೆಯ ನಡಾವಳಿ, ಈ ಸ್ಮರಣ ಸಂಚಿಕೆ ಇವೇ ಮುಂದಿನ ನೂರು ವರ್ಷದವರ ಚರಿತ್ರೆ. ಲಕ್ಷ ಕೊಟ್ಟವರ ಹೆಸರು ಶಿಲಾಫಲಕದಲ್ಲಿ ಇರುತ್ತದೆ. ಬಾಡಿಗೆ ಬಿಟ್ಟ ಗಾಡಿಯವರ, ಮರ ಕೊಟ್ಟ ಮನೆಯವರ ಹೆಸರು ಇರುವುದು ಲೆಕ್ಕದ ಪುಸ್ತಕದಲ್ಲಿ ಮಾತ್ರ.

ಆ ಅಜ್ಜಿಯ ಕತೆ ಏನಾಯಿತು ಎಂದು ತಾವು ಕೇಳುತ್ತೀರಿ. ಊರ ಹತ್ತು ಮಂದಿ ಆಕೆಯ ಮನೆಗೆ ಹೋಗಿ, ವೀಳ್ಯ ಇಟ್ಟು, ಈ ವರ್ಷದ ಮೊದಲ ಗೊನೆ ನಿಮ್ಮ ಮನೆಯದ್ದಾಗಬೇಕು ಎಂದು ಕೇಳಿಕೊಂಡರು. ‘ನನಗೆ ತೋಟ ಎಲ್ಲಿದೆ?’ ಎಂದು ಆಕೆ ಕೇಳಿದರು. ಹೋದವರಿಗೆ ಉತ್ತರ ತಿಳಿಯಲಿಲ್ಲ. ಅಷ್ಟು ವರ್ಷ ಗೊನೆ ಕೊಟ್ಟ ದೊಡ್ಡ ತೋಟದ ಯಜಮಾನರು ಅವರ ಜೊತೆಗೇ ಬಂದಿದ್ದರು. ಮರುದಿನ ಅವರೇ ತಮ್ಮ ತೋಟದಿಂದ ಒಂದು ಬಾಳೆ ಕಂದನ್ನು ತಂದು, ಅಜ್ಜಿಯ ಬಟ್ಟೆ ಒಗೆಯುವ ಕಲ್ಲಿನ ಬದಿಯಲ್ಲಿ ನೀರು ಹರಿಯುವಲ್ಲಿ ನೆಟ್ಟರು. ಆ ವರ್ಷ ಗೊನೆ ಸಿಗಲಿಲ್ಲ. ಮರುವರ್ಷ ಸಿಕ್ಕಿತು. ತಂತ್ರಿಗಳ ಪ್ರಾರ್ಥನೆಯಾಗಿ ಮುಹೂರ್ತಕ್ಕೆ ಮೊದಲ ಗೊನೆಯನ್ನು ಆ ಅಂಗಳದಿಂದ ಕಡಿದರು, ಉಳಿದ ಗೊನೆಗಳು ಎಂದಿನಂತೆ ದೊಡ್ಡ ತೋಟದಿಂದ ಬಂದವು. ಹಲಸಿನ ತೊಲೆಯನ್ನು ಆಚಾರಿಗಳು ತಟ್ಟಿ ನೋಡಿ, ಇನ್ನೂ ಗಟ್ಟಿ ಇದೆ ಎಂದರು. ಅದನ್ನು ಹೊಸ ಮಾಡಿನಲ್ಲಿಯೂ ಉಳಿಸಿಕೊಂಡರು.

ಆ ಹನ್ನೊಂದು ಹಾಳೆಗಳಲ್ಲಿ ಇನ್ನು ಯಾರ ಮನೆಯ ಮರ, ಯಾರ ಬೆವರು, ಯಾರ ಮರ್ಯಾದೆ ಹೋಯಿತೋ ದೇವರಿಗೇ ಗೊತ್ತು. ಹನ್ನೆರಡನೆಯ ಹಾಳೆಯಿಂದ ಮುಂದಿನದ್ದನ್ನಾದರೂ ಉಳಿಸುವ ಬುದ್ಧಿಯನ್ನು ಶ್ರೀ ದೇವರು ಎಲ್ಲರಿಗೂ ಕರುಣಿಸಲಿ. ಇಂದು ಮನೆಗೆ ಹೋದ ಮೇಲೆ ಒಮ್ಮೆ ಅಟ್ಟದ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಎಂದು ವಿನಂತಿ.

ಸರ್ವರಿಗೂ ಸನ್ಮಂಗಲವಾಗಲಿ.